ಕೆಚ್ಚಲುಬಾವು: ಕುದುರೆ ರೋಗಾಣು ಕಲಿಸಿದ ಪಾಠ

ಹೊಳೆನರಸೀಪುರದ ಬಳಿಯ ನಮ್ಮ ಕೊಟ್ಟಿಗೆಯಲ್ಲಿ ಮಳೆಗಾಲದಲ್ಲಿ ಒಂದು ಹಸುವಿನ ಮೊಲೆ ಬತ್ತಿಹೋಯ್ತು. ಎರಡು ಇಂಜೆಕ್ಷನ್‌ಗೆ ಬಾವು ಇಳಿದದ್ದು ಕಂಡು ಚಿಕಿತ್ಸೆ ನಿಲ್ಲಿಸಿದವನು ನಾನೇ. ಬಾವು ಇಳಿದರೂ ರೋಗಾಣು ಒಳಗೇ ಉಳಿದಿತ್ತು.

ಪಶುವೈದ್ಯರು ತಿಳಿಸಿಕೊಟ್ಟ ಮೇಲೆ ಅರ್ಥವಾಯ್ತು. ಕೆಚ್ಚಲುಬಾವು ತರುವವರಲ್ಲಿ ಸ್ಟ್ರೆಪ್ಟೊಕಾಕಸ್ ಒಂದು, ಸರದಂತೆ ಪೋಣಿಸಿಕೊಂಡ ದುಂಡಾಣು. ಅದರ ನೆಂಟ ಸ್ಟ್ರೆಪ್ಟೊಕಾಕಸ್ ಇಕ್ವೈ, ಕುದುರೆಯ ದವಡೆಯಡಿ ಗಂಟು ಬರಿಸಿ ಕೀವು ಒಡೆಸುತ್ತೆ. ರೋಗ ಹರಡದಂತೆ ದೇಹ ಹೆಪ್ಪಿನ ಬೇಲಿ ಹಾಕಿದರೆ, ಈ ಅಣು ಸ್ಟ್ರೆಪ್ಟೊಕೈನೇಸ್ ಬಿಡುತ್ತೆ. ಅದು ಪ್ರಾಣಿಯ ರಕ್ತದಲ್ಲೇ ಮಲಗಿರುವ ಪ್ಲಾಸ್ಮಿನೋಜನ್ನನ್ನು ಬೇಲಿ ಕರಗಿಸುವ ಕಿಣ್ವವಾಗಿ ಎಬ್ಬಿಸುತ್ತೆ. ಬೀಗಕ್ಕೆ ತಕ್ಕ ಕೀಲಿ: ಕುದುರೆಯ ಅಣುವಿನದ್ದು ಕುದುರೆಗೆ, ಹಸುವಿನ ಸ್ಟ್ರೆಪ್ಟೊಕಾಕಸ್ ಯೂಬೆರಿಸ್‌ನದ್ದು ಹಸುವಿಗೆ. ಹೀಗೆ ಎದ್ದ ಕಿಣ್ವ ಹಾಲಿನ ಕೇಸೀನನ್ನೂ ಒಡೆದು ಅಣುವಿಗೆ ಊಟ ಮಾಡಿಕೊಡುತ್ತೆ.

ಈ ಕರಗಿಸುವ ಗುಣವನ್ನು 1933ರಲ್ಲಿ ಟಿಲೆಟ್ ಮತ್ತು ಗಾರ್ನರ್ ವರದಿ ಮಾಡಿದರು. ಮುಂದೆ ಅದೇ ಹೃದಯಾಘಾತದ ಹೆಪ್ಪಿಗೆ ಮದ್ದೂ ಆಯ್ತು!

ಹಾಸನ, ಅರಕಲಗೂಡು, ಚನ್ನರಾಯಪಟ್ಟಣದ ಹೈನುಗಾರರಿಗೆ ನನ್ನ ಮಾತಿಷ್ಟು. ಯೂಬೆರಿಸ್ ಸಗಣಿ, ಒದ್ದೆ ಹುಲ್ಲಿನಲ್ಲಿ ಬೆಳೆಯುತ್ತೆ, ನೆಲ ಒಣಗಿಸಿ. ಮೊದಲ ಹಾಲನ್ನು ಕಪ್ಪು ಬಟ್ಟೆಗೆ ಹಿಂಡಿ ಗರಣೆ ನೋಡಿ. ಕರೆದ ಮೇಲೆ ಮೊಲೆ ಅಯೋಡಿನ್‌ನಲ್ಲಿ ಅದ್ದಿ, ಅರ್ಧ ಗಂಟೆ ಮೇವು ಕೊಟ್ಟು ನಿಲ್ಲಿಸಿ. ರೋಗದ ಹಸುವನ್ನು ಕೊನೆಗೆ ಕರೆಯಿರಿ. ಮದ್ದಿನ ಹಾಲು ಡೈರಿಗೆ ಹಾಕಬೇಡಿ. ವೈದ್ಯರು ಹೇಳಿದಷ್ಟು ದಿನ ಮದ್ದು ಮುಗಿಸಿ. ನನ್ನಂತೆ ಮೊಲೆ ಕಳೆದುಕೊಂಡು ಕಲಿಯಬೇಡಿ.