ಭೂಕಂಪಕ್ಕೆ ಮುನ್ನ ಮನೆ, ಕೊಟ್ಟಿಗೆಗಳ ಭದ್ರತೆ

1993ರ ಸೆಪ್ಟೆಂಬರ್ 30ರ ನಸುಕಿನ 4 ಗಂಟೆಯ ಸುಮಾರಿಗೆ ಮಹಾರಾಷ್ಟ್ರದ ಲಾತೂರು ಜಿಲ್ಲೆಯ ಕಿಲ್ಲಾರಿ ಸುತ್ತಮುತ್ತ ಭೂಕಂಪವಾಯಿತು. ಅದರ ಪ್ರಮಾಣ 6.2. ಇದಕ್ಕಿಂತ ದೊಡ್ಡ ಭೂಕಂಪಗಳು ಎಷ್ಟೋ ಆಗಿವೆ. ಆದರೂ ಇಲ್ಲಿ ಸಾವಿರಾರು ಜನ ತಮ್ಮದೇ ಮನೆಯ ಗೋಡೆ, ಮಾಳಿಗೆಗಳ ಅಡಿಯಲ್ಲಿ ಸಿಕ್ಕಿ ಮಡಿದರು. ಬೀದರ, ಕಲಬುರಗಿ ಜಿಲ್ಲೆಗಳಲ್ಲಿಯೂ ಇಂತಹ ಹಳೆಯ ಮನೆಗಳಿರುವುದರಿಂದ ನಮ್ಮ ರೈತರು ಇದನ್ನು ತಿಳಿದಿರುವುದು ಅವಶ್ಯಕ.

ಮನೆಗಳು ಏಕೆ ಬಿದ್ದವು?

ಕಾಡುಕಲ್ಲು ಮತ್ತು ಮಣ್ಣಿನಿಂದ ಕಟ್ಟಿದ ದಪ್ಪ ಗೋಡೆಯಲ್ಲಿ ಒಳಗೊಂದು, ಹೊರಗೊಂದು ಪದರವಿದ್ದು ನಡುವೆ ಚೂರುಕಲ್ಲು ತುಂಬಿರುತ್ತದೆ. ಎರಡನ್ನೂ ಬಿಗಿಹಿಡಿಯುವ ಉದ್ದಕಲ್ಲುಗಳಿಲ್ಲದಿದ್ದರೆ ನೆಲ ಅಲುಗಿದಾಗ ಪದರಗಳು ಬೇರ್ಪಟ್ಟು ಗೋಡೆ ಕುಸಿಯುತ್ತದೆ. ಸೋರದಿರಲೆಂದು ಮಾಳಿಗೆಗೆ ಹಾಕುತ್ತ ಬಂದ ಮಣ್ಣಿನ ಭಾರವೂ ಮೇಲೆ ಬೀಳುತ್ತದೆ.

ಹೊಸ ಮನೆ ಕಟ್ಟುವಾಗ

1. ಕಲ್ಲಿನ ಗೋಡೆಯ ದಪ್ಪ 45 ಸೆಂ.ಮೀ. ಮೀರಬಾರದು.
2. ಗೋಡೆಯ ಪೂರ್ತಿ ದಪ್ಪಕ್ಕೆ ಹಾಯುವ ಉದ್ದಕಲ್ಲುಗಳನ್ನು ಪ್ರತಿ 60 ಸೆಂ.ಮೀ. ಎತ್ತರದಲ್ಲಿ, ಅಡ್ಡಲಾಗಿ 1.2 ಮೀಟರಿಗೊಂದರಂತೆ ಇಡಬೇಕು.
3. ಬಾಗಿಲು, ಕಿಟಕಿಗಳ ನೆತ್ತಿಯ ಮಟ್ಟದಲ್ಲಿ ಸರಳು ಹಾಕಿದ ಕಾಂಕ್ರೀಟ್ ಪಟ್ಟಿಯನ್ನು ಎಲ್ಲ ಗೋಡೆಗಳ ಮೇಲೂ ಎಲ್ಲಿಯೂ ತುಂಡಾಗದಂತೆ ಹಾಯಿಸಬೇಕು. ಬಂಡಿಯ ಗಾಲಿಯನ್ನು ಕಬ್ಬಿಣದ ಪಟ್ಟಿ ಹಿಡಿದಿಡುವಂತೆ ಇದು ಮನೆಯನ್ನು ಹಿಡಿದಿಡುತ್ತದೆ.

ಹಳೆಯ ಮನೆಗಳಿಗೆ

1. ಮಾಳಿಗೆಯ ಹೆಚ್ಚಿನ ಮಣ್ಣು ತೆಗೆಸಿ, ಉಳಿದ ಪದರ ಸೋರದಂತೆ ಭದ್ರಪಡಿಸಿರಿ.
2. ಗೋಡೆಯಿಂದ ಅಲ್ಲಲ್ಲಿ ಕಲ್ಲುಗಳನ್ನು ಮೆಲ್ಲನೆ ಬಿಡಿಸಿ, ಆರಪಾರ ರಂಧ್ರ ಮಾಡಿ, ತುದಿ ಬಾಗಿಸಿದ ಸರಳನ್ನಿಟ್ಟು ಕಾಂಕ್ರೀಟ್ ತುಂಬಿಸಿರಿ. ಈ ಕೆಲಸವನ್ನು ಅನುಭವಿ ಗೌಂಡಿಯಿಂದಲೇ ಮಾಡಿಸತಕ್ಕದ್ದು.
3. ಕಂಬ, ತೊಲೆಗಳ ಸಂದುಗಳನ್ನು ಕಬ್ಬಿಣದ ಪಟ್ಟಿ, ಬೋಲ್ಟುಗಳಿಂದ ಬಿಗಿಯಿರಿ.
4. ಉಬ್ಬಿದ ಗೋಡೆಯನ್ನು ಇಳಿಸಿ ಕಟ್ಟಿಸಿರಿ. ಅದುವರೆಗೆ ಅದರ ಪಕ್ಕದಲ್ಲಿ ಯಾರೂ ಮಲಗಬಾರದು.

ಕೊಟ್ಟಿಗೆ ಮತ್ತು ಉಗ್ರಾಣ

ದನಗಳನ್ನು ಎಳೆದೊಡನೆ ಬಿಚ್ಚಿಕೊಳ್ಳುವ ಗಂಟಿನಿಂದ ಕಟ್ಟಿರಿ. ಕಾಳು, ಗೊಬ್ಬರದ ಚೀಲಗಳನ್ನು ಬಾಗಿಲ ಬಳಿ ಎತ್ತರಕ್ಕೆ ಪೇರಿಸಬೇಡಿರಿ. ಕೀಟನಾಶಕದ ಬಾಟಲಿಗಳನ್ನು ನೆಲಮಟ್ಟದ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿರಿ.

ನೆಲ ನಡುಗಿದಾಗ

ಕಲ್ಲು-ಮಣ್ಣಿನ ಮನೆಯಲ್ಲಿ ಬಾಗಿಲ ಹತ್ತಿರವಿದ್ದರೆ ಕೂಡಲೇ ಬಯಲಿಗೆ ಬನ್ನಿರಿ. ದೂರವಿದ್ದರೆ ಗಟ್ಟಿಮುಟ್ಟಾದ ಮಂಚ ಅಥವಾ ಮೇಜಿನ ಕೆಳಗೆ ಸೇರಿ ತಲೆ ಕಾಪಾಡಿಕೊಳ್ಳಿರಿ. ಹೊರಗೆ ಗೋಡೆ, ವಿದ್ಯುತ್ ತಂತಿಗಳಿಂದ ದೂರ ನಿಲ್ಲಿರಿ. ನಡುಕ ನಿಂತರೂ ಬಿರುಕು ಬಿಟ್ಟ ಮನೆಯೊಳಗೆ ಹೋಗಬೇಡಿರಿ. ಮರುಕಂಪನಗಳಿಗೆ ಅದು ಬೀಳಬಹುದು.

ಭೂಕಂಪದ ದಿನವನ್ನು ಮೊದಲೇ ಹೇಳಲು ಸಾಧ್ಯವಿಲ್ಲ. ಆದ್ದರಿಂದ ಈ ಬೇಸಿಗೆಯಲ್ಲಿ ಮಾಳಿಗೆಗೆ ಹೊಸ ಮಣ್ಣು ಹಾಕಿಸುವ ಮುನ್ನ, ಈಗಾಗಲೇ ಅಲ್ಲಿರುವ ಮಣ್ಣಿನ ದಪ್ಪವನ್ನು ಅಳೆದು ನೋಡಿರಿ.