ಹಂಚಿನ ಮುಂದೆ ಕಲಿತದ್ದು

ಪುಷ್ಯ ಬಹುಳ ಬಿದಿಗೆಗೆ ಕೊಪ್ಪಳದ ಗವಿಸಿದ್ಧೇಶ್ವರನ ತೇರು. ಅದಕ್ಕೂ ಎಷ್ಟೋ ದಿನ ಮೊದಲೇ ಸುತ್ತಲಿನ ಹಳ್ಳಿಗಳಲ್ಲಿ ಜಾತ್ರೆಯ ಮಹಾದಾಸೋಹಕ್ಕೆಂದು ರೊಟ್ಟಿ ಬಡಿಯುವ ಸಪ್ಪಳ ಶುರುವಾಗಿರುತ್ತದೆ. ಬಡಿದು ಒಣಗಿಸಿದ ಜೋಳದ ಕಡಕ್ ರೊಟ್ಟಿಯನ್ನು ಊರವರು ಟ್ರ್ಯಾಕ್ಟರ್, ಚಕ್ಕಡಿಗಳಲ್ಲಿ ಹೇರಿಕೊಂಡು ಹೋಗಿ ಮಠಕ್ಕೆ ಒಪ್ಪಿಸುತ್ತಾರೆ. ಹಾಗೆ ಬಡಿಯುವ ಹೆಂಗಸರ ನಡುವೆ ಕೂತು ಬಂದವಳು ನಾನು. ಮನೆಯಲ್ಲಿ ಇಷ್ಟಲಿಂಗ ಪೂಜೆ, ಊರಲ್ಲಿ ರೊಟ್ಟಿಯ ಸೇವೆ, ನನ್ನ ಸಾಧನೆ ಎಂದರೆ ಇಷ್ಟೇ. ದಿನದ ಬದುಕಿನಲ್ಲಿ ದೇವರ ಪ್ರೀತಿ ಅನುಭವಕ್ಕೆ ಬರುತ್ತದೆಯೇ ಎಂದು ಕಿರಿಯರು ಕೇಳುತ್ತಾರೆ. ಬರುತ್ತದೆ. ಅದು ಬರುವ ದಾರಿ ಮಾತ್ರ ನನಗೆ ಬಹಳ ತಡವಾಗಿ ತಿಳಿಯಿತು.

1. ಪೂಜೆಯಲ್ಲಿ ಅನುಭವಕ್ಕಾಗಿ ಕಾಯಬೇಡಿ.

ಎಡ ಅಂಗೈಯಲ್ಲಿ ಲಿಂಗ ಹಿಡಿದು, ಅದರಲ್ಲೇ ದೃಷ್ಟಿ ನೆಟ್ಟು ಕೂತಾಗ ಏನಾದರೂ ಆಗಬೇಕು ಎಂದು ನನ್ನ ಹಟ. ಕಣ್ಣು ತುಂಬಿ ಬರಬೇಕು, ಮೈ ನವಿರೇಳಬೇಕು. ಏನೂ ಆಗುತ್ತಿರಲಿಲ್ಲ. ಪಕ್ಕದ ಕೋಣೆಯಲ್ಲಿ ಹಾಸಿಗೆ ಹಿಡಿದ ಅತ್ತೆ ನೀರಿಗೆ ಕರೆದರೆ, ಅವರ ದನಿಯಿಂದಲೇ ನನ್ನ ಧ್ಯಾನ ಕೆಟ್ಟಿತು ಎಂದುಕೊಂಡು ಮುಖ ಗಂಟಿಕ್ಕಿ ಏಳುತ್ತಿದ್ದೆ. ಒಂದು ಬೆಳಿಗ್ಗೆ ಅವರು ನೀರು ಕುಡಿದು, "ಪೂಜಿ ಮುಗೀತೇನವ್ವಾ? ಮುಗಿಯೂತನಾ ತಡಕೊಂಡಿದ್ನಿ," ಎಂದರು. ಒಣಗಿದ ತುಟಿಯಲ್ಲಿ ನನ್ನ ಪೂಜೆಯನ್ನು ಕಾಯುತ್ತ ಮಲಗಿದ್ದರು. ನಾನು ಹುಡುಕುತ್ತಿದ್ದ ಪ್ರೀತಿ ಗೋಡೆಯ ಆಚೆಗೇ ಇತ್ತು. ಅಂದಿನಿಂದ ನೀರಿನ ತಂಬಿಗೆ ಅವರ ತಲೆದಿಂಬಿನ ಹತ್ತಿರ ಇಟ್ಟು ಪೂಜೆಗೆ ಕೂರುತ್ತಿದ್ದೆ. ಕರೆದರೆ ಏಳುತ್ತಿದ್ದೆ, ಬಂದು ಮತ್ತೆ ಕೂರುತ್ತಿದ್ದೆ.

2. ಎಣಿಸುತ್ತ ಬಡಿಯಬೇಡಿ.

ಎಸರು ಚೆನ್ನಾಗಿ ಕುದ್ದ ಮೇಲೆ ಹಿಟ್ಟಿಗೆ ಹಾಕಿ, ಕೈ ತಾಳುವಷ್ಟು ಆರಿದಾಗ ಅಂಗೈ ಒತ್ತಿ ನಾದಬೇಕು. ಹಿಟ್ಟು ಹಳೆಯದಾದರೆ ಜಿಗಿ ಹೋಗಿ ಅಂಚು ಸೀಳುತ್ತದೆ. ತೆಳ್ಳಗೆ ಬಡಿದು ಹಂಚಿಗೆ ಹಾಕಿ, ಮೇಲೆ ಒದ್ದೆ ಬಟ್ಟೆಯಿಂದ ನೀರು ಸವರಿ, ಆ ನೀರು ಆರುವ ಹೊತ್ತಿಗೆ ಮಗುಚಬೇಕು. ಇದರಲ್ಲಿ ಒಂದು ಕಡೆ ಅವಸರ ಮಾಡಿದರೂ ರೊಟ್ಟಿ ಹೇಳಿಬಿಡುತ್ತದೆ. ನಾನೋ ಪಕ್ಕದವಳಿಗಿಂತ ಹೆಚ್ಚು ಬಡಿಯಬೇಕೆಂದು ಮನಸ್ಸಿನಲ್ಲೇ ಲೆಕ್ಕ ಇಡುತ್ತಿದ್ದೆ. ನನ್ನವು ದಪ್ಪ, ನಡುವೆ ಹಸಿ. ಹಸಿ ಉಳಿದ ರೊಟ್ಟಿ ಅಟ್ಟಿಯಲ್ಲಿ ಸೇರಿದರೆ ಉಳಿದವಕ್ಕೂ ಬೂಸಲು ಹಿಡಿಯುತ್ತದೆ. ಓಣಿಯ ಹಿರಿಯವ್ವ ಒಬ್ಬರು ನನ್ನ ರೊಟ್ಟಿಗಳನ್ನು ಒಂದೊಂದಾಗಿ ಮುಟ್ಟಿ ನೋಡಿ, ಕೆಟ್ಟವನ್ನು ಬೇರೆ ಇಟ್ಟು, "ಅಕ್ಕಾರ, ಎಣಿಸ್ಕೋಂತ ಬಡೀಬ್ಯಾಡ್ರಿ. ಉಣ್ಣಾವ್ರನ್ನ ನೆನಸ್ಕೋಂತ ಬಡೀರಿ," ಎಂದರು. ಬೈಗುಳ ಇಲ್ಲ, ಉಪದೇಶದ ದನಿಯೂ ಇಲ್ಲ. ಉಣ್ಣುವವರು ಯಾರೆಂದು ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದವರನ್ನು ನೆನೆಯುವುದು ಹೇಗೆ? ಬಡಿಯುತ್ತ ಬಡಿಯುತ್ತ ಬಂತು. ಹಸಿದ ಒಂದು ಮುಖ, ಅದು ಯಾರದಾದರೂ ಆಗಬಹುದು. ಕೈ ತಾನಾಗಿ ನಿಧಾನವಾಯಿತು. ಜಪಮಣಿ ಹಿಡಿದು ಎಷ್ಟು ಹೊತ್ತು ಕೂತರೂ ನಿಲ್ಲದ ನನ್ನ ಮನಸ್ಸು ಅಂದು ಹಂಚಿನ ಮುಂದೆ ನಿಂತಿತು.

3. ಪಂಕ್ತಿಯಲ್ಲಿ ಕೂತು ಉಣ್ಣುವುದನ್ನೂ ಕಲಿಯಬೇಕು.

ಕೊಡುವುದು ನನಗೆ ಕಷ್ಟವಾಗಿರಲಿಲ್ಲ. ಕೊಡುವಾಗ ನಾನು ದೊಡ್ಡವಳಾಗುತ್ತಿದ್ದೆ, ಅದು ಒಳಗೊಳಗೇ ಹಿತವಾಗಿತ್ತು. ಒಂದು ಜಾತ್ರೆಯ ಹೊತ್ತಿಗೆ ಮಣಿಕಟ್ಟು ಬಾತು ಕೆಲಸ ಮಾಡಲಾಗಲಿಲ್ಲ. ಮಠಕ್ಕೆ ಬರಿಗೈಯಲ್ಲಿ ಹೋಗಿ, ಸಂಕೋಚದಿಂದ ದಾಸೋಹದ ಸಾಲಿನಲ್ಲಿ ಕೂತೆ. ಎಡಕ್ಕೆ ಕೂಲಿಯವರ ಕುಟುಂಬ, ಬಲಕ್ಕೆ ಯಾವುದೋ ದೂರದೂರಿನ ಮುದುಕರು. ಮೀಸೆ ಇನ್ನೂ ಚಿಗುರದ ಹುಡುಗನೊಬ್ಬ ರೊಟ್ಟಿ, ಪಲ್ಯ, ಮಾದಲಿ ಬಡಿಸಿ, ಮುಂದೆ ಹೋದವನು ತಿರುಗಿ ಬಂದು, "ಅವ್ವಾ, ಇನ್ನೊಂದು ಹಾಕ್ಲ್ಯಾ?" ಎಂದ. ತಟ್ಟೆಯ ರೊಟ್ಟಿಯನ್ನು ನೋಡಿದೆ. ತೆಳು, ಅಂಚು ಸೀಳಿಲ್ಲ, ಒಂದು ಬದಿಗೆ ಬೆರಳ ಗುರುತು. ಯಾವ ಊರಿನ ಯಾವ ತಾಯಿ ನನ್ನ ಹೆಸರೂ ತಿಳಿಯದೆ ಇದನ್ನು ಬಡಿದಳೋ! ನಾನು ಯಾರಿಗಾಗಿ ಎಂದು ತಿಳಿಯದೆ ಬಡಿದ ರೊಟ್ಟಿಯೂ ಹೀಗೇ ಯಾರದೋ ತಟ್ಟೆಗೆ ಹೋಗಿರಬೇಕು. ನನ್ನ ಯೋಗ್ಯತೆಯನ್ನು ಯಾರೂ ಕೇಳಲಿಲ್ಲ, ಹಸಿವು ಒಂದೇ ಸಾಕಾಯಿತು. ದೇವರ ಪ್ರೀತಿ ಎಂದರೆ ಏನೆಂದು ಇವತ್ತು ಯಾರಾದರೂ ಕೇಳಿದರೆ ನನಗೆ ಹೇಳಲು ಇರುವುದು ಆ ಊಟವೊಂದೇ. ನೀವು ಸೇವೆ ಮಾಡುವವರಾದರೆ ದಯವಿಟ್ಟು ವರ್ಷಕ್ಕೊಮ್ಮೆಯಾದರೂ ಸಾಲಿನಲ್ಲಿ ಕೂತು ಬಡಿಸಿಕೊಳ್ಳಿ.

4. ಹೆಚ್ಚು ತರುವ ಆಸೆಯೂ ಆಸೆಯೇ.

12ನೇ ಶತಮಾನದ ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಯ ಕಾಯಕ ಬಿದ್ದ ಅಕ್ಕಿ ಆಯುವುದು. ಒಂದು ದಿನ ಗಂಡ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಲಕ್ಕಮ್ಮ ಹೇಳಿದಳೆಂಬ ಕಥೆ ಎಲ್ಲರಿಗೂ ಗೊತ್ತು. ದಾಸೋಹಕ್ಕೇ ತಾನೇ ತಂದದ್ದು, ತಪ್ಪೇನು ಎಂದು ಬಹಳ ದಿನ ನನಗೆ ಅನಿಸುತ್ತಿತ್ತು. ಹಬ್ಬ ಬಂತೆಂದು ವ್ರತ, ಪಾರಾಯಣ, ಉಪವಾಸ ಎಲ್ಲವನ್ನೂ ಹೇರಿಕೊಂಡು, ಸಂಜೆಗೆ ಮನೆಮಂದಿಯ ಮೇಲೆ ಸಿಡುಕಿದ ದಿನಗಳು ಲಕ್ಕಮ್ಮನ ಮಾತನ್ನು ಅರ್ಥ ಮಾಡಿಸಿದವು. ದಿನಕ್ಕೆ ಆಗುವಷ್ಟೇ ಹಿಡಿಯಿರಿ.

5. ಕೇಳಿದ್ದರಲ್ಲಿ ಒಂದನ್ನಾದರೂ ಮಾಡಿ.

ವಿಜಯಪುರ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿಯವರ ಬೆಳಗಿನ ಪ್ರವಚನಗಳನ್ನು ಕೇಳಿ ನೋಟ್‌ಬುಕ್ ತುಂಬಿಸಿದ್ದೆ. ಅವರ ಅಂಗಿಗೆ ಜೇಬೇ ಇರಲಿಲ್ಲ. 2018ರಲ್ಲಿ ಪದ್ಮಶ್ರೀ ಬಂದಾಗ ವಿನಯದಿಂದ ಬೇಡವೆಂದರು. 2023ರ ಜನವರಿ 2ರಂದು ತೀರಿಕೊಂಡಾಗ, ತಮಗೆ ಸ್ಮಾರಕ ಕಟ್ಟಬಾರದೆಂಬ ಮಾತನ್ನೂ ಬರೆದಿಟ್ಟು ಹೋಗಿದ್ದರು. ಅವರು ಬದುಕಿ ತೋರಿಸಿದ್ದು ನಾನು ಬರೆದುಕೊಂಡದ್ದಕ್ಕಿಂತ ದೊಡ್ಡದು. ಈಗ ಒಂದು ಮಾತು ಕೇಳಿದರೆ ಅದನ್ನು ಒಂದು ವಾರ ಮನೆಯಲ್ಲಿ ನಡೆಸಲು ನೋಡುತ್ತೇನೆ. ಎಷ್ಟೋ ಸಲ ಆಗುವುದಿಲ್ಲ.

6. ಬರಡು ದಿನಗಳಲ್ಲಿ ಒಬ್ಬರೇ ಕೂರಬೇಡಿ.

ಅತ್ತೆ ಹೋದ ಮೇಲೆ ನನ್ನೊಳಗೆ ಎಲ್ಲ ಒಣಗಿಹೋಯಿತು. ವಚನ ಓದಿದರೆ ಬರೀ ಅಕ್ಷರ, ಲಿಂಗ ನೋಡಿದರೆ ಬರೀ ಲಿಂಗ. ಏನೋ ಪಾಪ ಮಾಡಿದ್ದೇನೆ, ದೇವರು ಮುಖ ತಿರುಗಿಸಿದ್ದಾನೆ ಎಂದೇ ತಿಳಿದಿದ್ದೆ. ಪೂಜೆಯನ್ನು ಮೊಟಕು ಮಾಡಿದೆ, ಬಿಡಲಿಲ್ಲ. ಜಾತ್ರೆ ಹತ್ತಿರ ಬಂದಾಗ ಓಣಿಯವರು ಕರೆಯಲು ಬಂದರು. ಮನಸ್ಸಿಲ್ಲ ಎಂದೆ. "ಮನಸ ಮನ್ಯಾಗ ಇರ್ಲಿ, ಕೈ ತಗೊಂಡು ಬರ್ರಿ," ಎಂದು ಕೈ ಹಿಡಿದು ಕರೆದುಕೊಂಡು ಹೋದರು. ಆ ಬರಡು ಯಾವಾಗ ಕಳೆಯಿತೆಂದು ಹೇಳಲಾರೆ. ದುಃಖ ಪಾಪದ ಗುರುತಲ್ಲ ಎಂಬುದಂತೂ ತಿಳಿಯಿತು. ನಿಮಗೂ ಅಂಥ ಕಾಲ ಬಂದರೆ ನಾಲ್ಕು ಜನ ಕೂಡಿ ಕೆಲಸ ಮಾಡುವಲ್ಲಿಗೆ ಹೋಗಿ ಕೂತುಬಿಡಿ. ಮಾತಾಡಬೇಕೆಂದೇನಿಲ್ಲ. ರೊಟ್ಟಿ ಬಡಿಯಲು ಬಾರದಿದ್ದರೆ ಹಿಟ್ಟು ಜರಡಿ ಹಿಡಿಯುವ ಕೆಲಸ ಯಾವಾಗಲೂ ಇದ್ದೇ ಇರುತ್ತದೆ.