ಕುಣಿತ, ಬಣ್ಣ, ವಿನ್ಯಾಸ: ಕಾರಂತರ ಯಕ್ಷಗಾನ ಪ್ರಯೋಗಗಳ ಒಂದು ಅಧ್ಯಯನ

ಐಚ್ಛಿಕ ಕನ್ನಡದ ವಿದ್ಯಾರ್ಥಿಗಳಿಗೆ ಕೋಟ ಶಿವರಾಮ ಕಾರಂತರು (1902–1997) ಮುಖ್ಯವಾಗಿ ಕಾದಂಬರಿಕಾರರಾಗಿ ಪರಿಚಿತರು. ‘ಚೋಮನ ದುಡಿ’, ‘ಮರಳಿ ಮಣ್ಣಿಗೆ’, ‘ಬೆಟ್ಟದ ಜೀವ’ ಪಠ್ಯಗಳಾಗಿ ಓದಿಸಲ್ಪಟ್ಟ ಕೃತಿಗಳು. ‘ಮೂಕಜ್ಜಿಯ ಕನಸುಗಳು’ ಜ್ಞಾನಪೀಠ ಪ್ರಶಸ್ತಿಯನ್ನು ತಂದ ಕೃತಿ. ಆದರೆ ಅದಕ್ಕೂ ಮುನ್ನ, 1959ರಲ್ಲಿ, ಅವರಿಗೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ದೊರೆತದ್ದು ಯಾವ ಕಾದಂಬರಿಗೂ ಅಲ್ಲ. ‘ಯಕ್ಷಗಾನ ಬಯಲಾಟ’ ಎಂಬ ಸಂಶೋಧನ ಗ್ರಂಥಕ್ಕೆ. ಗ್ರಂಥ ಬರೆದು ಅವರು ಸುಮ್ಮನಾಗಲಿಲ್ಲ. ರಂಗದ ಮೇಲೆ ಕುಣಿಯುವ ದೇಹ, ಅದು ತೊಡುವ ಉಡುಗೆ, ಮುಖದ ಬಣ್ಣ, ಬೆಳಕು, ಕಾಲಾವಧಿ ಇವೆಲ್ಲವನ್ನೂ ಒಂದೇ ಕಲ್ಪನೆಯ ಅಂಗಗಳೆಂದು ಭಾವಿಸಿ ಹೊಸದಾಗಿ ಜೋಡಿಸಿದರು. ಇಂದಿನ ಪರಿಭಾಷೆಯಲ್ಲಿ ಹೇಳುವುದಾದರೆ, ಅವರು ನೃತ್ಯ ಸಂಯೋಜಕರೂ ಹೌದು, ರಂಗವಿನ್ಯಾಸಕಾರರೂ ಹೌದು. ಈ ಎರಡು ಕೆಲಸಗಳು ಅವರಲ್ಲಿ ಹೇಗೆ ಒಂದಾದವು, ಅದರಿಂದ ಯಕ್ಷಗಾನಕ್ಕೆ ದೊರೆತುದೇನು, ಕಳೆದುಹೋದುದೇನು ಎಂಬುದು ಈ ಲೇಖನದ ವಿಚಾರ.

ಮೊದಲು ಒಂದು ಮಾತನ್ನು ಸ್ಪಷ್ಟಪಡಿಸಿಕೊಳ್ಳಬೇಕು. ವಿನ್ಯಾಸವೆಂದರೆ ಅಲಂಕಾರವಲ್ಲ. ಅಲಂಕಾರವು ಇರುವ ವಸ್ತುವಿಗೆ ಹೊರಗಿನಿಂದ ಸೇರಿಸಿದ್ದು. ತೆಗೆದರೂ ವಸ್ತು ಉಳಿಯುತ್ತದೆ. ವಿನ್ಯಾಸವು ಭಾಗಭಾಗಗಳ ನಡುವಣ ಸಂಬಂಧ. ಅದನ್ನು ಕದಲಿಸಿದರೆ ವಸ್ತುವೇ ಬದಲಾಗುತ್ತದೆ. ಸಾಂಪ್ರದಾಯಿಕ ಬಡಗುತಿಟ್ಟಿನ ವೇಷವನ್ನು ಈ ದೃಷ್ಟಿಯಿಂದ ನೋಡಿದರೆ ಅದೊಂದು ಪರಿಪಕ್ವ ವಿನ್ಯಾಸವೆಂಬುದು ತಿಳಿಯುತ್ತದೆ. ಹಗುರ ಮರದಲ್ಲಿ ಕೆತ್ತಿ ಹೊಳಪಿನ ಹಾಳೆ ಹೊದಿಸಿದ ಭುಜಕೀರ್ತಿ, ಎದೆಕಟ್ಟುಗಳು ನಟನ ಶರೀರವನ್ನು ಹಿಗ್ಗಿಸುತ್ತವೆ. ತಲೆಯ ಮೇಲಿನ ಮುಂದಲೆ, ಕಿರೀಟಗಳು ಅವನ ಎತ್ತರವನ್ನು ಹೆಚ್ಚಿಸುತ್ತವೆ. ಚೌಕಳಿಯ ಕಸೆ ಸೀರೆಯ ಗೆರೆಗಳು ಕಾಲಿನ ಚಲನೆಯೊಡನೆ ಓಡುತ್ತವೆ. ದೀವಟಿಗೆಯ ನಡುಗುವ ಬೆಳಕಿನಲ್ಲಿ ಮಿನುಗುವಂತೆ ಆ ಹೊಳಪೂ, ದೂರದಿಂದಲೂ ಕಾಣುವಂತೆ ಕೆಂಪು, ಹಳದಿ, ಕಪ್ಪುಗಳ ಆ ಗಾಢ ಬಣ್ಣಗಳೂ ಒದಗಿಬಂದಿವೆ. ಮನುಷ್ಯನನ್ನು ದೇವದಾನವನಾಗಿ ಮಾಡುವುದು ಕತೆಯಷ್ಟೇ ಅಲ್ಲ, ಈ ಅಳತೆಗಳೂ ಕೂಡ.

ಇಪ್ಪತ್ತನೆಯ ಶತಮಾನದಲ್ಲಿ ಈ ಸಂಬಂಧಗಳು ಸಡಿಲವಾದವು. ವೃತ್ತಿನಾಟಕ ಕಂಪನಿಗಳ ಆಕರ್ಷಣೆ ಮೇಳಗಳನ್ನೂ ತಟ್ಟಿತು. ಮಖಮಲ್ಲು, ಜರತಾರಿಗಳು ಹಳೆಯ ಕೈಮಗ್ಗದ ಬಟ್ಟೆಯ ಸ್ಥಾನಕ್ಕೆ ಬಂದವು. ದೀವಟಿಗೆ ಹೋಗಿ ಗ್ಯಾಸ್‌ಲೈಟು, ಅನಂತರ ವಿದ್ಯುದ್ದೀಪ ಬಂದಿತು. ಡೇರೆ ಕಟ್ಟಿ ಟಿಕೇಟು ಮಾರುವ ಮೇಳಗಳು ಪ್ರೇಕ್ಷಕರನ್ನು ಸೆಳೆಯಲು ಮಾತಿನ ಚಾತುರ್ಯವನ್ನೂ ಹಾಸ್ಯವನ್ನೂ ಹೆಚ್ಚಾಗಿ ನೆಚ್ಚಿದವು. ಕಾರಂತರ ಆಕ್ಷೇಪವು ಹೊಸತನದ ಮೇಲಲ್ಲ, ಹೊಂದಿಕೆಗೇಡಿನ ಮೇಲೆ. ಪುರಾಣಲೋಕದ ಒಂದು ಕಿರೀಟ ಮತ್ತು ನಾಟಕ ಕಂಪನಿಯ ಒಂದು ಅಂಗಿ ಒಂದೇ ದೇಹದ ಮೇಲೆ ಕುಳಿತರೆ ಎರಡೂ ಸುಳ್ಳಾಗುತ್ತವೆ. ಆದ್ದರಿಂದ ವೇಷದ ವಿಷಯದಲ್ಲಿ ಅವರು ಹಿಂದಕ್ಕೆ ನಡೆದರು: ಹಳೆಯ ವೇಷಗಳ ಆಕಾರ, ವರ್ಣಕ್ರಮಗಳನ್ನು ಅಭ್ಯಸಿಸಿ, ಅವುಗಳ ಆಧಾರದ ಮೇಲೆ ಉಡುಗೆಗಳನ್ನು ರೂಪಿಸಿದರು.

ಕುಣಿತ ಮತ್ತು ಕಾಲಾವಧಿಯ ವಿಷಯದಲ್ಲಿ ಮಾತ್ರ ಅವರು ಮುಂದಕ್ಕೆ ನಡೆದರು. ಇಡೀ ರಾತ್ರಿಯ ಪ್ರದರ್ಶನವನ್ನು ಕೆಲವು ಗಂಟೆಗಳಿಗೆ ಇಳಿಸಿದರು. ಪಾತ್ರಧಾರಿಗಳ ಆಶು ಸಂಭಾಷಣೆಯನ್ನು ಕೈಬಿಟ್ಟರು. ಭಾಗವತರ ಹಾಡು, ಚಂಡೆ ಮದ್ದಳೆಗಳ ಲಯ ಮತ್ತು ಪಾತ್ರದ ನರ್ತನ, ಈ ಮೂರೇ ಕತೆಯನ್ನು ನಡೆಸಬೇಕೆಂದರು. ಹಿಮ್ಮೇಳಕ್ಕೆ ಪಿಟೀಲು, ಸ್ಯಾಕ್ಸೊಫೋನುಗಳನ್ನೂ ಸೇರಿಸಿದರು. 1971ರಲ್ಲಿ ಉಡುಪಿಯ ಎಂ.ಜಿ.ಎಂ. ಕಾಲೇಜಿನ ಆಶ್ರಯದಲ್ಲಿ ಯಕ್ಷಗಾನ ಕೇಂದ್ರವು ಆರಂಭವಾದ ಮೇಲೆ ಈ ಪ್ರಯೋಗಗಳಿಗೆ ನೆಲೆಯೊಂದು ದೊರೆಯಿತು. ಅಲ್ಲಿ ರೂಪುಗೊಂಡ ‘ಯಕ್ಷರಂಗ’ ತಂಡವು ‘ಅಭಿಮನ್ಯು’, ‘ನಳ ದಮಯಂತಿ’, ‘ಪಂಚವಟಿ’ ಮೊದಲಾದ ಪ್ರಸಂಗಗಳನ್ನು ಈ ಹೊಸ ಕ್ರಮದಲ್ಲಿ ಆಡಿತು. ಕನ್ನಡ ಬಾರದ ಹೊರನಾಡಿನ ಪ್ರೇಕ್ಷಕರ ಮುಂದೆಯೂ ಯಕ್ಷಗಾನವನ್ನು ನಿಲ್ಲಿಸಿತು.

ಮಾತನ್ನು ತೆಗೆದರೆ ಏನಾಗುತ್ತದೆ? ಚಕ್ರವ್ಯೂಹದ ಸನ್ನಿವೇಶವೊಂದನ್ನು ಕಲ್ಪಿಸಿಕೊಂಡು ಇದನ್ನು ಪರೀಕ್ಷಿಸಬಹುದು. ಸಾಂಪ್ರದಾಯಿಕ ಆಟದಲ್ಲಿ ಅಭಿಮನ್ಯುವಿನ ಪಾತ್ರಧಾರಿ ದ್ರೋಣನೊಡನೆ ವಾದಿಸುತ್ತಾನೆ. ಹುಡುಗನೊಬ್ಬನ ಮೇಲೆ ಮಹಾರಥಿಗಳು ಮುಗಿಬೀಳುವುದು ಧರ್ಮವೇ ಎಂಬ ಪ್ರಶ್ನೆ ಅಲ್ಲಿ ತರ್ಕವಾಗಿ ಬರುತ್ತದೆ. ಮಾತಿಲ್ಲದ ರಂಗದಲ್ಲಿ ಅದೇ ಪ್ರಶ್ನೆ ಸ್ಥಳದ ವಿನ್ಯಾಸವಾಗಿ ಬರಬೇಕು: ಒಂದು ದೇಹದ ಸುತ್ತ ಹಲವು ದೇಹಗಳ ವೃತ್ತ, ಆ ವೃತ್ತ ಕಿರಿದಾಗುವ ವೇಗ, ಎಳೆಯ ವೀರನ ಕೇದಗೆ ಮುಂದಲೆಯ ಎದುರು ಹಿರಿಯರ ಕಿರೀಟಗಳ ಗಾತ್ರ. ಅನ್ಯಾಯವನ್ನು ಇಲ್ಲಿ ಯಾರೂ ಹೇಳುವುದಿಲ್ಲ. ಪ್ರೇಕ್ಷಕರು ಅದನ್ನು ಕಾಣುತ್ತಾರೆ. ನೃತ್ಯ ಸಂಯೋಜನೆ ಮತ್ತು ವಿನ್ಯಾಸ ಬೇರೆಬೇರೆಯಲ್ಲವೆಂಬುದು ಇಂಥಲ್ಲಿ ಮನದಟ್ಟಾಗುತ್ತದೆ.

ಆದರೆ ಈ ಲಾಭಕ್ಕೆ ಬೆಲೆಯಿದೆ. ಯಕ್ಷಗಾನದ ಅರ್ಥಗಾರಿಕೆಯು ಕನ್ನಡದ ಮೌಖಿಕ ಗದ್ಯದ ಅತ್ಯುನ್ನತ ರೂಪಗಳಲ್ಲಿ ಒಂದು. ಪ್ರಸಂಗದ ಪದ್ಯ ಲಿಖಿತ. ಅದರ ಅರ್ಥ ಆ ರಾತ್ರಿಯಲ್ಲೇ ಹುಟ್ಟುವಂಥದು. ಹೆಚ್ಚಿನ ಶಾಲೆ ಕಾಣದ ಕಲಾವಿದನೂ ರಂಗದ ಮೇಲೆ ಪಂಡಿತನಾಗುತ್ತಿದ್ದುದು ಇದರ ಮೂಲಕವೇ. ಮಾತನ್ನು ತೆಗೆದಾಗ ಆ ಸೃಷ್ಟಿಶೀಲತೆ ನಟನ ಕೈಯಿಂದ ಸಂಯೋಜಕನ ಕೈಗೆ ದಾಟುತ್ತದೆ. ಹಲವರು ಕೂಡಿ ಕಟ್ಟುತ್ತಿದ್ದ ಕಲೆ ಒಬ್ಬನ ಕಲ್ಪನೆಗೆ ಒಳಪಡುತ್ತದೆ. ಸಂಪ್ರದಾಯನಿಷ್ಠರು ಎತ್ತಿದ ಆಕ್ಷೇಪವನ್ನು ಬರಿಯ ಹಟವೆಂದು ತಳ್ಳಿಹಾಕಲಾಗದು. ಅದೇ ವೇಳೆ ತಾಳಮದ್ದಳೆಯನ್ನೂ ನೆನೆಯಬೇಕು. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಕುಳಿತು ಹಾಡು ಮತ್ತು ಮಾತುಗಳಿಂದಲೇ ಪ್ರಸಂಗವನ್ನು ನಡೆಸುತ್ತಾರೆ. ಅದು ಯಕ್ಷಗಾನದ ಒಂದು ಅರ್ಧವನ್ನು ಆರಿಸಿಕೊಂಡು ಬೆಳೆಸಿದ ಪ್ರಕಾರ. ಕಾರಂತರು ಆರಿಸಿದ್ದು ಇನ್ನೊಂದು ಅರ್ಧವನ್ನು. ತಾಳಮದ್ದಳೆ ಯಕ್ಷಗಾನವನ್ನು ಕೊಲ್ಲಲಿಲ್ಲವಾದರೆ ಕಾರಂತರ ಪ್ರಯೋಗವೂ ಕೊಲ್ಲಬೇಕಾಗಿಲ್ಲ. ಆದರೆ ಅರ್ಧವನ್ನು ಪೂರ್ಣವೆಂದು ಭ್ರಮಿಸಬಾರದು.

ಇಂಥ ಅನ್ವೇಷಣೆ ಕನ್ನಡದಲ್ಲಿ ಮಾತ್ರ ನಡೆದುದಲ್ಲ. ಜರ್ಮನಿಯ ಬೌಹೌಸ್ ಕಲಾಶಾಲೆಯಲ್ಲಿ ಬೋಧಿಸಿದ ಆಸ್ಕರ್ ಷ್ಲೆಮರ್ 1922ರಲ್ಲಿ ಷ್ಟುಟ್‌ಗಾರ್ಟ್‌ನಲ್ಲಿ ‘ತ್ರಿಯಾದಿಕ್ ಬ್ಯಾಲೆ’ಯನ್ನು ಪ್ರದರ್ಶಿಸಿದರು, ಗೋಳ, ಶಂಕುಗಳಂಥ ಉಡುಗೆಗಳೇ ಅಲ್ಲಿ ನರ್ತಕರ ಚಲನೆಯನ್ನು ನಿರ್ಧರಿಸಿದವು. ಚೆನ್ನೈಯ ಚಂದ್ರಲೇಖಾ (1928–2006) ಭರತನಾಟ್ಯದ ಕಲಾವಿದೆ, ಭಿತ್ತಿಪತ್ರಗಳ ವಿನ್ಯಾಸಕಿಯೂ ಹೌದು. 1985ರ ‘ಅಂಗಿಕ’ದಲ್ಲಿ ಅವರು ಆಭರಣ, ಕಥಾನಕಗಳನ್ನು ಬದಿಗಿರಿಸಿ ದೇಹದ ಗೆರೆ, ಕೋನಗಳನ್ನೇ ಮುಂದಿಟ್ಟರು. ಬೆಂಗಳೂರಿನಲ್ಲಿ ಮಧು ನಟರಾಜ್ 1995ರಲ್ಲಿ ಆರಂಭಿಸಿದ ‘ಸ್ಟೆಮ್’ ತಂಡದ ಹೆಸರು ಸ್ಥಳ, ಕಾಲ, ಶಕ್ತಿ, ಚಲನೆ ಎಂಬ ನಾಲ್ಕು ತತ್ತ್ವಗಳನ್ನೇ ಸೂಚಿಸುತ್ತದೆ. ಚಂದ್ರಲೇಖಾ ಉಡುಗೆಯ ಭಾರವನ್ನು ಕಳೆದು ದೇಹವನ್ನು ಕಂಡರು. ಕಾರಂತರು ಮಾತಿನ ಭಾರವನ್ನು ಕಳೆದು ಉಡುಗೆಯನ್ನೂ ದೇಹವನ್ನೂ ಒಟ್ಟಿಗೆ ಕಂಡರು. ಏನನ್ನು ಕಳೆಯಬೇಕು, ಏನನ್ನು ಉಳಿಸಬೇಕು ಎಂಬ ನಿರ್ಧಾರವೇ ಸಂಯೋಜಕನ ನಿಜವಾದ ಕೆಲಸ.

ಸಾಹಿತ್ಯದ ವಿದ್ಯಾರ್ಥಿಗೆ ಇದರಿಂದ ಒಂದು ಪಾಠವಿದೆ. ಪ್ರಸಂಗವನ್ನು ಕೇವಲ ಪದ್ಯವೆಂದು ಓದಿದರೆ ಅದು ಹಲವೆಡೆ ಸಪ್ಪೆಯಾಗಿ ತೋರಬಹುದು. ಆ ಪದ್ಯದ ಸಾಲುಸಾಲಿನಲ್ಲಿ ಒಂದು ತಾಳ, ಒಂದು ಪ್ರವೇಶ, ಒಂದು ಬಣ್ಣ ಕಾದು ಕುಳಿತಿದೆ. ಅದನ್ನು ಕಾಣಬಲ್ಲ ಕಣ್ಣಿದ್ದಾಗ ಮಾತ್ರ ಓದು ಪೂರ್ಣವಾಗುತ್ತದೆ.

ಅಭ್ಯಾಸಕ್ಕಾಗಿ:

1. ಅಲಂಕಾರ ಮತ್ತು ವಿನ್ಯಾಸಗಳ ನಡುವಣ ವ್ಯತ್ಯಾಸವನ್ನು ಯಕ್ಷಗಾನದ ವೇಷಭೂಷಣಗಳ ನೆರವಿನಿಂದ ವಿವರಿಸಿರಿ.

2. ತಾಳಮದ್ದಳೆ ಮತ್ತು ಕಾರಂತರ ಪ್ರಯೋಗಗಳು ಯಕ್ಷಗಾನದ ಯಾವ ಯಾವ ಅಂಗಗಳನ್ನು ಆರಿಸಿಕೊಂಡಿವೆ? ಚರ್ಚಿಸಿರಿ.

3. ನಿಮಗೆ ಪರಿಚಿತವಾದ ಒಂದು ಪ್ರಸಂಗದ ಸನ್ನಿವೇಶವನ್ನು ಆರಿಸಿ, ಮಾತಿಲ್ಲದೆ ಅದನ್ನು ರಂಗದ ಮೇಲೆ ಹೇಗೆ ತರಬಹುದೆಂಬುದನ್ನು ಒಂದು ಪುಟದಲ್ಲಿ ಬರೆಯಿರಿ. ಹಾಗೆ ತರುವಾಗ ಏನು ನಷ್ಟವಾಯಿತೆಂಬುದನ್ನೂ ಗುರುತಿಸಿರಿ.